ಸಿಮೆಂಟ್ ಉದುರಿದ ಹಲ್ಲು, ಚಹಾದಲ್ಲಿ ಅದ್ದಿದ ಟೋಸ್ಟ್

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮುಧೋಳ ಕಡೆಯ ಕಬ್ಬಿನ ರೈತರು. ವಯಸ್ಸು 56, ಸಕ್ಕರೆ ಕಾಯಿಲೆ ಶುರುವಾಗಿ ಒಂಬತ್ತು ವರ್ಷ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್, 8.1ರಿಂದ 9.6ಕ್ಕೆ ಏರಿತ್ತು. ಗುಳಿಗೆ ತಪ್ಪಿಸುತ್ತಿದ್ದಾರೆ ಎಂಬ ಅನುಮಾನದಿಂದ ಡಾಕ್ಟರು ಸಲಹೆಗೆಂದು ನನ್ನ ಹತ್ತಿರ ಕಳಿಸಿದ್ದರು.

ತಪ್ಪಿಸಿರಲಿಲ್ಲ. ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಚೀಲದಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವರ ಸಿಟ್ಟೇ ಬೇರೆ ಇತ್ತು.

“ಹಲ್ಲಿಗೆ ಸಿಮೆಂಟ್ ಛಲೋ ಹಾಕಿಲ್ರಿ ಮೇಡಂ. ಎರಡ ಸಲ ಹಾಕಿಸಿದೆ, ಎರಡೂ ಸಲ ಉದುರಿ ಹೋತು.”

ಊಟ ಏನು ಎಂದರೆ “ಎಲ್ಲಾರ ಹಂಗ, ರೊಟ್ಟಿ” ಎಂದರು. ಪಕ್ಕದಲ್ಲಿದ್ದ ಹೆಂಡತಿ ನಕ್ಕುಬಿಟ್ಟರು. “ಎಲ್ಲಿ ರೊಟ್ಟಿರಿ? ನಾಲ್ಕ ತಿಂಗಳಾತು ಮುಟ್ಟಿ. ಮುಂಜಾನೆ ಚಾದಾಗ ಟೋಸ್ಟ್ ಅದ್ದತಾರ, ಎರಡೂ ಹೊತ್ತು ಮೆತ್ತಗಿನ ಅನ್ನ.” ಅಗಿಯಲಾಗದೆ ಜೋಳದ ರೊಟ್ಟಿ, ಕಾಳುಪಲ್ಯ ಎರಡೂ ಬಿಟ್ಟಿದ್ದರು. ಬಾಯಿ ಒಣಗುತ್ತದೆ ಎಂದು ಕಿಸೆಯಲ್ಲಿ ಪೆಪ್ಪರಮಿಂಟು ಬೇರೆ. ಶುಗರ್ ಏರದೆ ಏನಾಗುತ್ತೆ?

ಇಷ್ಟು ವರ್ಷ ನಾನು ಶುಗರ್ ಇದ್ದವರ ಕಾಲು ಕೇಳುತ್ತಿದ್ದೆ, ಕಣ್ಣು ಕೇಳುತ್ತಿದ್ದೆ. ಬಾಯಿ ಕೇಳುತ್ತಿರಲಿಲ್ಲ.

ಬ್ರಷ್ ಮಾಡಿದರೆ ರಕ್ತ ಬರುತ್ತೆ ಎಂದು ಬ್ರಷ್ ಕೂಡ ನಿಲ್ಲಿಸಿ, ತಂಬಾಕಿನ ಪುಡಿ ತಿಕ್ಕುತ್ತಿದ್ದರು. ನಾನು ಹೇಳಿದ್ದು ಇಷ್ಟು: “ಹಳ್ಳದ ದಂಡಿ ಮಣ್ಣು ಕೊಚ್ಚಿ ಹೋದ್ರ ಗಿಡದ ಬೇರು ಕಾಣತಾವಲ್ರಿ ಕಾಕಾ, ನಿಮ್ಮ ವಸಡೂ ಹಂಗ ಆಗೇತಿ.” ವಸಡು ಕೆಳಗಿಳಿದರೆ ಹಲ್ಲಿನ ಬೇರು ಹೊರಬೀಳುತ್ತದೆ. ಬೇರಿಗೆ ಮೇಲಿನ ಗಟ್ಟಿ ಪದರ ಇಲ್ಲ, ಬೇಗ ಹುಳುಕಾಗುತ್ತದೆ. ಜೊಲ್ಲು ಕಡಿಮೆ, ಮೇಲೆ ಪೆಪ್ಪರಮಿಂಟು. ಸಿಮೆಂಟಿನ ಅಂಚಿನಲ್ಲೇ ಮತ್ತೆ ಹುಳುಕು ಹಿಡಿದರೆ ಸಿಮೆಂಟ್ ನಿಲ್ಲುವುದು ಕಷ್ಟ. ಇನ್ನೊಂದು ಮಾತೂ ಹೇಳಿದೆ. ಶುಗರ್ ಜಾಸ್ತಿ ಇದ್ದರೆ ವಸಡಿನ ಸೋಂಕು ಬೆಳೆಯುತ್ತದೆ, ಸೋಂಕು ಇದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ವಸಡಿಗೆ ಚಿಕಿತ್ಸೆ ಮಾಡಿಸಿದವರಲ್ಲಿ ಮೂರ್ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುವುದುಂಟು.

“ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲ ಆಗತಾವಂತ?” ಎಲ್ಲರೂ ಕೇಳುವ ಪ್ರಶ್ನೆ. ಸಡಿಲ ಆಗಿದ್ದು ಮೊದಲೇ, ಗಟ್ಟಿಯಾದ ಪಾಚಿ ಸುಮ್ನೆ ಅದನ್ನು ಮುಚ್ಚಿಟ್ಟಿರುತ್ತದೆ.

ಅಸಲಿ ಭಯ ಕೊನೆಗೆ ಹೊರಬಂತು. ಹಿಂದೊಮ್ಮೆ ಗುಳಿಗೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಹಲ್ಲಿನ ಕುರ್ಚಿ ಹತ್ತಿದ್ದರಂತೆ. ಬೆವರು ಕಿತ್ತು, ಕೈಕಾಲು ನಡುಗಿತ್ತು. ಹಲ್ಲಿಗೆ ಕೈ ಹಾಕಿದ್ದಕ್ಕೇ ಹಾಗಾಯಿತು ಎಂದುಕೊಂಡಿದ್ದರು. ಅದು ಶುಗರ್ ಇಳಿದದ್ದರ ಲಕ್ಷಣ. ಹಾಗಾಗಿ ಮುಂಜಾನೆಯ ಸಮಯವನ್ನೇ ಕೇಳಿ, ತಿಂಡಿ ತಿಂದು, ಗುಳಿಗೆ ತಗೊಂಡು, ಶುಗರ್ ರಿಪೋರ್ಟ್ ಹಿಡಿದುಕೊಂಡು ಹೋಗಿ ಎಂದೆ. ಮೆತ್ತನೆಯ ಬ್ರಷ್, ದಿನಕ್ಕೆ ಎರಡು ಸಲ, ರಕ್ತ ಬಂದರೂ ಬಿಡಬೇಡಿ. ಪೆಪ್ಪರಮಿಂಟು ಬದಲು ನೀರು. ಹಲ್ಲು ಸರಿಯಾಗುವ ತನಕ ಅನ್ನದ ಬದಲು ಜೋಳದ ನುಚ್ಚು, ಬೇಯಿಸಿ ಮಸೆದ ಕಾಳು. ನುಚ್ಚನ್ನೂ ಅಳತೆ ಮೀರಿ ಉಣ್ಣಬೇಡಿ ಎಂದು ಸೇರಿಸಿದೆ.

ನಾಲ್ಕು ತಿಂಗಳ ಮೇಲೆ ಬಂದರು. ವಸಡು ಕ್ಲೀನ್ ಆಗಿದೆ, ಎಚ್‌ಬಿಎ1ಸಿ 8.4. ಎಷ್ಟು ವಸಡಿನಿಂದ, ಎಷ್ಟು ಟೋಸ್ಟ್ ಬಿಟ್ಟಿದ್ದರಿಂದ, ನಾನು ಹೇಳಲಾರೆ. ತಂಬಾಕು ಪುಡಿ ಪೂರ್ತಿ ಬಿಟ್ಟಿಲ್ಲ, ಹೆಂಡತಿ ಸನ್ನೆ ಮಾಡಿದರು. ಕೀಳಬೇಕಾದ ಒಂದು ದವಡೆ ಹಲ್ಲು ಹಾಗೇ ಇದೆ. ಕಬ್ಬಿನ ಕಟಾವು ಮುಗಿಯಲಿ ಎಂದಿದ್ದಾರೆ.