ಘಾಟಿಯಲ್ಲಿ ನಿಲ್ಲುವ ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಲೇ?

ಪ್ರಶ್ನೆ: ಅಪ್ಪ ಕೊಂಡ 1977ರ ಅಂಬಾಸಿಡರ್ ಮಾರ್ಕ್ 3 ಮನೆಯಲ್ಲಿದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಆಗುಂಬೆ ಘಾಟಿ ಹತ್ತುವಾಗ ಮಿಸ್ಸಿಂಗ್ ಶುರುವಾಗಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಾನೆಟ್ ತೆರೆದಿಟ್ಟರೆ ಮತ್ತೆ ಹೊರಡುತ್ತದೆ. ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್), ಕಂಡೆನ್ಸರ್, ಪ್ಲಗ್, ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿ ಹಾರಿಸುವಷ್ಟು ಏರಿಸುವ ಸುರುಳಿ) ಎಲ್ಲವನ್ನೂ ಒಂದೇ ದಿನ ಬದಲಾಯಿಸಿದೆವು. ತಿಂಗಳು ಸರಿಯಿತ್ತು, ಈಗ ಮತ್ತೆ ಅದೇ ಕಥೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಹಾಕಿಸಿ, ಆದರೆ ಈಗಲೇ ಬೇಡ. ಮೊದಲು ಕಾಯಿಲೆ ಯಾವುದೆಂದು ಗೊತ್ತಾಗಲಿ. ನಾಲ್ಕು ಭಾಗ ಒಟ್ಟಿಗೆ ಬದಲಾಯಿಸಿದ್ದರಿಂದ ಯಾವುದು ಕೆಟ್ಟಿತ್ತು ಎಂಬುದು ನಿಮಗೂ ತಿಳಿಯಲಿಲ್ಲ, ಮೆಕ್ಯಾನಿಕ್‌ಗೂ ತಿಳಿಯಲಿಲ್ಲ.

ಮುಂದಿನ ಸಲ ಗಾಡಿ ನಿಂತಾಗ, ತಣ್ಣಗಾಗುವ ಮೊದಲೇ ಒಂದು ಪರೀಕ್ಷೆ ಮಾಡಿ. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಭಾಗ) ಕ್ಯಾಪಿನ ನಡುವೆ ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಎಳೆದುಕೊಳ್ಳಿ. ರಬ್ಬರ್ ಹಿಡಿಯ ಇಕ್ಕಳದಲ್ಲಿ ಅದರ ತುದಿಯನ್ನು ಇಂಜಿನ್ ಬ್ಲಾಕ್‌ನಿಂದ ಸುಮಾರು 6 ಮಿ.ಮೀ. ದೂರ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಪೆಟ್ರೋಲ್ ಸೋರುತ್ತಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಚಟಚಟ ಎಂದು ನೀಲಿ ಕಿಡಿ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ನಿರಪರಾಧಿಗಳು. ಆಗ ರೋಟರ್ (ಕ್ಯಾಪಿನೊಳಗೆ ತಿರುಗುತ್ತಾ ಕರೆಂಟು ಹಂಚುವ ತುಂಡು) ಮತ್ತು ಕ್ಯಾಪ್ ನೋಡಿ. ಅವೂ ಸರಿಯಿದ್ದರೆ ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತಿದೆಯೇ ಎಂದು ನೋಡಬೇಕು. ಕಿಡಿ ಹಳದಿಯಾಗಿ ಸಣಕಲಾಗಿದ್ದರೆ, ಅಥವಾ ಬರದೇ ಇದ್ದರೆ, ನನ್ನ ಮೊದಲ ಅನುಮಾನ ಕಂಡೆನ್ಸರ್ ಮೇಲೆ.

ಹೆಬ್ಬೆರಳಿನ ತುದಿಯಷ್ಟಿರುವ ಈ ತಗಡಿನ ಡಬ್ಬಿಯ ಕೆಲಸ ದೊಡ್ಡದು. ಪಾಯಿಂಟ್ ತೆರೆದ ಕ್ಷಣ ಕಾಯಿಲ್‌ನ ಕಾಂತಕ್ಷೇತ್ರ ಥಟ್ಟನೆ ಕುಸಿಯಬೇಕು; ಆಗಲೇ ಪ್ಲಗ್ಗಿಗೆ ಸಾವಿರಾರು ವೋಲ್ಟ್ ಸಿಗುವುದು. ಕಂಡೆನ್ಸರ್ ಸತ್ತರೆ ಕರೆಂಟು ಪಾಯಿಂಟ್ ತುದಿಯಲ್ಲೇ ಕಿಡಿಯಾಗಿ ಪೋಲಾಗುತ್ತದೆ. 3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಇಂಜಿನ್ನಿನ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ಕಂಡೆನ್ಸರಿನಲ್ಲಿ ಸ್ವಲ್ಪ ಸೋರಿಕೆಯಿದ್ದರೂ ಪಾಯಿಂಟಿನ ಮುಖ ಕಪ್ಪು ನೀಲಿಗಟ್ಟಿ, ಒಂದು ಕಡೆ ಗುಂಡಿ, ಇನ್ನೊಂದು ಕಡೆ ಗುಬುಟು ಏಳುತ್ತದೆ. ಕಂಡೆನ್ಸರ್ ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಕೈಕೊಡುವುದು ಬಹಳ ಸಾಮಾನ್ಯ. ಹೊಸದೆಂಬ ಕಾರಣಕ್ಕೆ ನಂಬಬೇಡಿ. ಡಬ್ಬಿ ಬಿಚ್ಚಿ ಆಗಷ್ಟೇ ಹಾಕಿದ ಕಂಡೆನ್ಸರ್ 80 ಕಿ.ಮೀ. ದಾಟುವುದರೊಳಗೆ ಸತ್ತು ನಾನು ರಸ್ತೆಯಲ್ಲಿ ನಿಂತಿದ್ದೇನೆ. ಮನೆ ತಲುಪಿಸಿದ್ದು ಡಿಕ್ಕಿಯಲ್ಲಿದ್ದ ಹಳೆಯ ಕಂಡೆನ್ಸರ್. ನೀವು ತೆಗೆದ ಹಳೆಯ ಭಾಗಗಳನ್ನು ಗುಜರಿಗೆ ಹಾಕಿಲ್ಲದಿದ್ದರೆ ಮೊದಲು ಆ ಕಂಡೆನ್ಸರನ್ನೇ ವಾಪಸ್ ಹಾಕಿ ಓಡಿಸಿ ನೋಡಿ.

ಹೊಸ ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಮೀಟರ್ ಇಟ್ಟೂ ನೋಡಿ. ಬ್ಯಾಲಸ್ಟ್ (ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ರೆಸಿಸ್ಟರ್) ಇಲ್ಲದ ಗಾಡಿಗೆ ಸುಮಾರು 3 ಓಮ್ ಬೇಕು. 1.5 ಓಮ್ ತೋರಿಸಿದರೆ ಅದು ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಹಾಕಬೇಕಾದ ಕಾಯಿಲ್. ರೆಸಿಸ್ಟರ್ ಇಲ್ಲದೆ ನೇರ 12 ವೋಲ್ಟ್ ಕೊಟ್ಟರೆ ದುಪ್ಪಟ್ಟು ಕರೆಂಟು ಹರಿದು ಕಾಯಿಲ್ ಕೈ ಸುಡುವಷ್ಟು ಕಾಯುತ್ತದೆ, ಪಾಯಿಂಟೂ ಸುಡುತ್ತದೆ. ನಿಮ್ಮ ಗಾಡಿ ಒಂದು ತಿಂಗಳು ಓಡಿ ಕೆಟ್ಟದ್ದಕ್ಕೆ ಇದೂ ಕಾರಣವಿರಬಹುದು.

ಇನ್ನು ರೋಟರ್. ನಡುವಿನ ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಕಳಪೆ ರೋಟರ್‌ಗಳಲ್ಲಿ ಕರೆಂಟು ಆ ರಿವೆಟ್ ಮೂಲಕ ಕೆಳಗಿನ ಶಾಫ್ಟಿಗೆ ಇಳಿದುಹೋಗುತ್ತದೆ. ಕ್ಯಾಪಿನ ಒಳಗೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಕಂಡರೆ ಕ್ಯಾಪ್ ಬದಲಾಯಿಸಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಆ ಗೆರೆ ಹಿಡಿದೇ ಹರಿಯುತ್ತದೆ.

ಇಷ್ಟಾದ ಮೇಲೆ ಎಲೆಕ್ಟ್ರಾನಿಕ್ ಕಿಟ್‌ನ ಮಾತು. ಅದರಲ್ಲಿ ನಿಜವಾದ ಲಾಭವಿದೆ. ಶಾಫ್ಟಿಗೆ ಉಜ್ಜುವ ಪಾಯಿಂಟಿನ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ, ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹಿಂದೆ ಬಿದ್ದು, ಗಾಡಿ ಎಳೆಯದೆ ಬಿಸಿಯಾಗುತ್ತದೆ. ಕಿಟ್‌ನಲ್ಲಿ ಸವೆಯುವ ಹಿಮ್ಮಡಿಯೇ ಇಲ್ಲ. ರೋಟರ್ ಕೆಳಗಿನ ಅಯಸ್ಕಾಂತದ ಉಂಗುರವನ್ನು ಸೆನ್ಸರ್ ಗುರುತಿಸುತ್ತದೆ. ಆದರೆ ಅದು ಕೂರುವುದು ನಿಮ್ಮ ಹಳೆಯ ಡಿಸ್ಟ್ರಿಬ್ಯೂಟರ್‌ನಲ್ಲೇ. ಕ್ಯಾಪ್ ತೆಗೆದು ಶಾಫ್ಟನ್ನು ಪಕ್ಕಕ್ಕೆ ಅಲ್ಲಾಡಿಸಿ. ಕೈಗೆ ಆಟ ಸಿಕ್ಕರೆ ಬುಷ್ (ಶಾಫ್ಟ್ ಕೂರುವ ಲೋಹದ ಬಳೆ) ಸವೆದಿದೆ, ಮೊದಲು ಅದನ್ನು ಲೇತ್‌ನವರಲ್ಲಿ ಸರಿಮಾಡಿಸಿ. ಡಿಸ್ಟ್ರಿಬ್ಯೂಟರ್‌ಗೆ ಸೇರುವ ವ್ಯಾಕ್ಯೂಮ್ ಪೈಪಿನ ಇನ್ನೊಂದು ತುದಿಯನ್ನು ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಒಳಗಿನ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಂ ಹರಿದಿದೆ. ಇವೆರಡನ್ನೂ ಯಾವ ಕಿಟ್ಟೂ ಸರಿಮಾಡಲಾರದು.

ಕೊಳ್ಳುವ ಮೊದಲು ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಸೇರಿದೆ ನೋಡಿಕೊಳ್ಳಿ. ಹಳೆಯ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುವುದುಂಟು, ಉಲ್ಟಾ ಕೊಟ್ಟರೆ ಕಿಟ್ಟಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ಒಂದೇ ಕ್ಷಣದಲ್ಲಿ ಹೋಗುತ್ತದೆ. ಪ್ಲಗ್ ವೈರುಗಳು ಬರೀ ತಾಮ್ರದ್ದಾಗಿದ್ದರೆ ಸಪ್ರೆಷನ್ ವೈರು (ಎಲೆಕ್ಟ್ರಾನಿಕ್ಸ್‌ಗೆ ಅಡ್ಡಿ ಮಾಡದ, ರೆಸಿಸ್ಟೆನ್ಸ್ ಇರುವ ವೈರು) ಹಾಕಿಸಿ. ಇಂಜಿನ್ ನಿಲ್ಲಿಸಿ ಕೀ ಆನ್‌ನಲ್ಲಿಟ್ಟು ರೇಡಿಯೊ ಕೇಳುವ ಅಭ್ಯಾಸವಿದ್ದರೆ ಬಿಡಿ. ಕಿಟ್ ಕೂರಿಸಿದ ಮೇಲೆ ಟೈಮಿಂಗ್ ಹೊಸದಾಗಿಯೇ ಇಡಬೇಕು.

ಹಳೆಯ ಪ್ಲೇಟನ್ನು ಪಾಯಿಂಟ್, ಕಂಡೆನ್ಸರ್ ಸಮೇತ ಒಂದು ಡಬ್ಬಿಯಲ್ಲಿ ಹಾಕಿ, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳು) ಜೊತೆ ಡಿಕ್ಕಿಯಲ್ಲಿಡಿ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಎಂದು ಮುಚ್ಚಳದ ಮೇಲೆ ಬರೆದಿಡಿ. ರಾತ್ರಿ ಘಾಟಿಯಲ್ಲಿ ಮಾಡ್ಯೂಲ್ ಸತ್ತರೆ ಅಲ್ಲಿ ರಿಪೇರಿ ಮಾಡುವವರು ಯಾರೂ ಇಲ್ಲ. ಪಾಯಿಂಟನ್ನಾದರೆ ಟಾರ್ಚ್ ಬೆಳಕಿನಲ್ಲಿ ನೀವೇ ಕೂರಿಸಬಹುದು.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಗೆ ಸ್ಪೋರ್ಟ್ಸ್ ಕಾಯಿಲ್ (ಹೆಚ್ಚು ವೋಲ್ಟ್ ಕೊಡುವ ಕಾಯಿಲ್) ಹಾಕಿಸಿದರೆ ಮೈಲೇಜ್ ಹೆಚ್ಚುತ್ತದೆಯೇ? (ಮೈಸೂರಿನ ಓದುಗರು)

ಉತ್ತರ: ಸರಿಯಾಗಿ ಟ್ಯೂನ್ ಆದ ಗಾಡಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕಾಯಿಲ್‌ನ ಡಬ್ಬಿಯ ಮೇಲೆ 40,000 ವೋಲ್ಟ್ ಎಂದು ಬರೆದಿದ್ದರೂ ಪ್ಲಗ್ ಗ್ಯಾಪ್ ದಾಟಲು ಬೇಕಾದಷ್ಟು ಮಾತ್ರ ವೋಲ್ಟೇಜ್ ಏರುತ್ತದೆ, ಕಿಡಿ ಹಾರಿದೊಡನೆ ಇಳಿಯುತ್ತದೆ. ಆ ದುಡ್ಡಿನಲ್ಲಿ ಒಳ್ಳೆಯ ಪ್ಲಗ್ ವೈರು, ಕ್ಯಾಪ್, ರೋಟರ್ ಕೊಳ್ಳಿ. ವೈರು ಬದಲಾಯಿಸುವಾಗ ಒಂದನ್ನು ತೆಗೆದು ಅದನ್ನು ಹಾಕಿದ ಮೇಲೆಯೇ ಇನ್ನೊಂದಕ್ಕೆ ಕೈ ಹಚ್ಚಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಸರದಿ) 1-3-4-2.