ವಿಜ್ಞಾನದ ಆಭರಣ ಮಾಡಿ ಮಾರಿದರೆ ಹೊಟ್ಟೆ ತುಂಬುತ್ತಾ?

"ನಾನು ವಿಜಯಪುರದವಳು, ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿದ್ದೇನೆ. ಅಣು, ಡಿಎನ್‌ಎ ಇಂಥ ವಿನ್ಯಾಸದ ಓಲೆ, ಪದಕ ಕೈಯಲ್ಲೇ ಮಾಡಿ ಮಾರುವ ಆಸೆ. ಇದರಿಂದ ಹೊಟ್ಟೆ ತುಂಬುತ್ತಾ ಅಂತ ಮನೆಯಲ್ಲಿ ಕೇಳ್ತಾರೆ. ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದ್ದೀರಿ.

ಬೆಳಗಾವಿಯಲ್ಲಿ ಆರು ವರ್ಷದಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ಹೊಟ್ಟೆ ತುಂಬುತ್ತದೆ. ಆದರೆ ಮೊದಲ ವರ್ಷ ತುಂಬಲಿಲ್ಲ, ಎರಡನೆಯ ವರ್ಷವೂ ತುಂಬಲಿಲ್ಲ. ಮೂರನೇ ವರ್ಷದ ದೀಪಾವಳಿ ತನಕ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ಟ್ಯೂಷನ್ ಹೇಳಿಯೇ ಮನೆ ಬಾಡಿಗೆ ಕಟ್ಟಿದ್ದೇನೆ. ಮನೆಯವರಿಗೆ ಇದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡಿ.

ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ನನ್ನದೊಂದು ತಪ್ಪನ್ನು ಹೇಳುತ್ತೇನೆ.

ನಾನು ಕೆಲಸ ಕಲಿತದ್ದು ಇಲ್ಲಿಯದೇ ಶಹಾಪುರದ ಸರಾಫ ಗಲ್ಲಿಯ ಒಬ್ಬ ಪತ್ತಾರರ, ಅಂದರೆ ಅಕ್ಕಸಾಲಿಗರ ಹತ್ತಿರ. ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದರು. ಜೋಡಿ ಅಂದರೆ ಕನ್ನಡಿ ಅಂತ ಕಾಕಾ ಹೇಳಿಕೊಟ್ಟಿದ್ದರು. ಎಡಗಿವಿಯ ನವಿಲು ಬಲಕ್ಕೆ ನೋಡಿದರೆ ಬಲಗಿವಿಯ ನವಿಲು ಎಡಕ್ಕೆ ನೋಡಬೇಕು. ನಾನು ಅದನ್ನೇ ಡಿಎನ್‌ಎಗೂ ಹಚ್ಚಿದೆ. ಎರಡು ಬೆಳ್ಳಿ ತಂತಿಯ ನಡುವೆ ಹತ್ತು ಅಡ್ಡಕಡ್ಡಿ ಬೆಸೆದು ಪುಟ್ಟ ಏಣಿ ಮಾಡುವುದು, ಮಂದ ಕೆಂಪಾಗುವ ತನಕ ಕಾಸಿ ಮೆತ್ತಗೆ ಮಾಡಿಕೊಳ್ಳುವುದು, ಎರಡು ತುದಿಗೂ ಇಕ್ಕಳ ಹಿಡಿದು ಒಂದು ಪೂರ್ತಿ ಸುತ್ತು ಹೊಸೆಯುವುದು. ಒಂದನ್ನು ಬಲಕ್ಕೆ ಹೊಸೆದೆ, ಅದರ ಜೋಡಿಯನ್ನು ಎಡಕ್ಕೆ. ಹನ್ನೆರಡು ಜೋಡಿ. ಒಂದು ಕಾಲೇಜಿನ ಬೀಳ್ಕೊಡುಗೆಗೆ ಬಂದ ನನ್ನ ಮೊದಲ ದೊಡ್ಡ ಆರ್ಡರ್ ಅದು.

ಅಲ್ಲಿಯ ಮೇಡಂ ಡಬ್ಬಿ ತೆಗೆದು, ಎರಡೂ ಓಲೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ಒಂದು ಸರಿ ಐತಿ ತಂಗಿ, ಇನ್ನೊಂದು ಎಡಕ್ಕ ಸುತ್ತೇತಿ" ಅಂದರು. ತಲೆಕೆಳಗು ಮಾಡಿದರೆ ಸರಿಹೋದೀತು ಎಂದು ನಾನು ಅವರ ಕೈಯಿಂದ ಇಸಿದುಕೊಂಡು ತಿರುಗಿಸಿ ನೋಡಿದೆ. ಆಗಲೂ ಎಡಕ್ಕೇ ಸುತ್ತಿತ್ತು. ಸುರುಳಿಯ ಗುಣವೇ ಅದು: ಯಾವ ತುದಿಯಿಂದ ನೋಡಿದರೂ ಬಲಸುತ್ತು ಬಲಸುತ್ತೇ, ಎಡಸುತ್ತು ಎಡಸುತ್ತೇ. ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಇರುವ ಡಿಎನ್‌ಎ ಬಲಸುತ್ತು. ಒಂದು ಸುತ್ತಿಗೆ ಸುಮಾರು ಹತ್ತೂವರೆ ಮೆಟ್ಟಿಲು. ಎಡಸುತ್ತಿನ ಝಡ್-ಡಿಎನ್‌ಎ ಅನ್ನುವುದೂ ಇದೆ, ಆದರೆ ಅದರ ಬೆನ್ನೆಲುಬು ಅಂಕುಡೊಂಕು. ನಾನು ಮಾಡಿದ್ದು ಅದೂ ಅಲ್ಲ.

ಹನ್ನೆರಡು ಓಲೆ ಕರಗಿಸಿ ಹೊಸದಾಗಿ ಮಾಡಲು ನಾಲ್ಕು ರಾತ್ರಿ ಹಿಡಿಯಿತು. ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಅಂದಿನಿಂದ ಮೇಜಿನ ಮೇಲೆ ಒಂದು ಮಾಮೂಲಿ ಸ್ಕ್ರೂ ಇಟ್ಟುಕೊಂಡಿದ್ದೇನೆ, ಅದು ಬಲಸುತ್ತು. ಪ್ರತಿ ಓಲೆಯನ್ನೂ ಅದರ ಪಕ್ಕ ಹಿಡಿದು ನೋಡುತ್ತೇನೆ. ಹೊಸೆಯುವಾಗ ನಿಮ್ಮ ಹತ್ತಿರದ ತುದಿಯನ್ನು ಗಟ್ಟಿ ಹಿಡಿದು ದೂರದ ತುದಿಯನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ, ಬಲಸುತ್ತು ಬರುತ್ತದೆ. ಹತ್ತಿರದ ತುದಿಯನ್ನೇ ಆ ದಿಕ್ಕಿಗೆ ತಿರುಗಿಸಿದರೆ ಎಡಸುತ್ತು. ಆತುರದಲ್ಲಿ ಇದು ತಪ್ಪುವುದು ಬಹಳ ಸಲೀಸು.

ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಗಿರಾಕಿ ಚಿನ್ನದ ಅಂಗಡಿಗೆ ಹೋಗುವ ಗಿರಾಕಿಯಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವವರು, ಪಿಎಚ್‌ಡಿ ಮುಗಿಸಿದ ಮಗಳಿಗೆ ಉಡುಗೊರೆ ಹುಡುಕುವ ಅಪ್ಪ, ಹೈಸ್ಕೂಲಿನ ವಿಜ್ಞಾನದ ಮಾಸ್ತರು. ಹೊಳಪು ಸ್ವಲ್ಪ ಕಡಿಮೆಯಾದರೆ ಅವರು ಸುಮ್ಮನಿರುತ್ತಾರೆ, ಒಂದು ಬಂಧ ತಪ್ಪಿದರೆ ಸುಮ್ಮನಿರುವುದಿಲ್ಲ. ಅವರು ದುಡ್ಡು ಕೊಡುವುದೇ ಆ ನಿಖರತೆಗೆ. ನೀವು ರಸಾಯನಶಾಸ್ತ್ರ ಓದಿದ್ದೀರಿ, ಅರ್ಧ ಬಂಡವಾಳ ಆಗಲೇ ಕೈಯಲ್ಲಿದೆ.

ಏನು ಮಾಡಬೇಕು ಅನ್ನುವ ವಿಷಯಕ್ಕೆ ಬಂದರೆ, ಕೆಫೀನ್, ಸೆರೊಟೋನಿನ್ ಅಣುಗಳ ಪದಕಗಳನ್ನು ಲೋಕವೆಲ್ಲ ಮಾಡುತ್ತದೆ. ನಾನೂ ಮಾಡುತ್ತೇನೆ. ಆದರೆ ನನಗೆ ಅನ್ನ ಹಾಕಿದ್ದು ಜಿಯೋಸ್ಮಿನ್. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯಲ್ಲಿ ಮುಖ್ಯ ಪಾಲು ಇದರದ್ದು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ. ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ಆಕೃತಿ ಸರಳ: ಎರಡು ಷಟ್ಕೋನಗಳು ಒಂದು ಬಾಹು ಹಂಚಿಕೊಂಡಿರುತ್ತವೆ. ಆ ಬಾಹುವಿನ ಒಂದು ತುದಿಗೆ ಹೈಡ್ರಾಕ್ಸಿಲ್ (OH), ಇನ್ನೊಂದು ತುದಿಗೆ ಮೀಥೈಲ್ (CH₃); ಹೈಡ್ರಾಕ್ಸಿಲ್ ಇರುವ ಇಂಗಾಲದ ಪಕ್ಕದ ಇಂಗಾಲಕ್ಕೆ ಮತ್ತೊಂದು ಮೀಥೈಲ್. ಉಂಗುರದೊಳಗೆ ಜೋಡಿಗೆರೆ, ಅಂದರೆ ದ್ವಿಬಂಧ, ಬರಬಾರದು. ಆ ಗುಂಪುಗಳನ್ನು ಬಿಟ್ಟು ಜೋಡಿಗೆರೆ ಎಳೆದಿರೋ, ಅದು ಬಟ್ಟೆಯ ಕಪಾಟಿನ ಡಾಂಬರ ಗುಳಿಗೆ, ನ್ಯಾಫ್ತಲೀನ್. ಹೈಡ್ರಾಕ್ಸಿಲ್ ಇರುವ ಜಾಗದಲ್ಲಿ ನಾನು ಒಂದು ಸಣ್ಣ ಬೆಳ್ಳಿಯ ಹನಿ ಕೂರಿಸುತ್ತೇನೆ. ಖಾನಾಪುರದ ಕಡೆಯ ಒಬ್ಬ ಹುಡುಗಿ, ಈಗ ದುಬೈಯಲ್ಲಿದ್ದಾಳೆ, ಪದಕ ಕೈಗೆ ಸಿಕ್ಕ ದಿನ ಫೋನ್ ಮಾಡಿ ಮಾತಾಡಲಾರದೆ ಅತ್ತಳು. ಅವತ್ತು ನಾನೂ ಬೇರೆ ಕೆಲಸ ಮಾಡಲಿಲ್ಲ.

ನಿಮ್ಮ ಊರಲ್ಲೂ ಇಂಥದ್ದು ಇದೆ. ಗೋಳಗುಮ್ಮಟದ ಒಳಗೆ ನಿಂತು ಮೇಲೆ ನೋಡಿ. ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಆ ಗುಮ್ಮಟದ ಭಾರ ಎಂಟು ಕಮಾನುಗಳ ಮೇಲೆ ಕೂತಿದೆ. ಆ ಕಮಾನುಗಳು ಒಂದನ್ನೊಂದು ಹಾಯುವ ಬಗೆ ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿ ಇಟ್ಟಂತೆ. ಎರಡು ಚೌಕ, ಮೇಲೊಂದು ವೃತ್ತ: ಪದಕ ಅಲ್ಲೇ ಸಿದ್ಧವಾಗಿದೆ. ಬಾಗಲಕೋಟೆ ಕಡೆಯ ಕಲಾದಗಿ ಶಿಲಾಸಮೂಹದ ಡಾಲಮೈಟ್ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಇವೆ, ಸೂಕ್ಷ್ಮಜೀವಿಗಳ ಪದರ ಪದರ ಗುರುತು. ಅವುಗಳನ್ನು ಒಡೆದು ತರಬೇಡಿ, ಚಿತ್ರ ಬರೆದುಕೊಂಡು ಬನ್ನಿ. ತಾಮ್ರದ ತಗಡಿನಲ್ಲಿ ಆ ಗೆರೆಗಳು ಬಹಳ ಚೆಂದ ಮೂಡುತ್ತವೆ.

ಕೈಕೆಲಸವನ್ನು ವಿಡಿಯೋ ನೋಡಿಯೇ ಕಲಿಯುತ್ತೇನೆ ಅನ್ನಬೇಡಿ. ಒಂದು ಆರು ತಿಂಗಳು ಯಾರಾದರೂ ಪತ್ತಾರರ ಎದುರು ಕೂತುಕೊಳ್ಳಿ. ಬೆಳ್ಳಿಗೆ ಬೆಂಕಿ ಎಷ್ಟು ಬೇಕು ಅನ್ನುವುದು ಕಣ್ಣಿಗೆ ರೂಢಿಯಾಗಬೇಕು. ಶುದ್ಧ ಬೆಳ್ಳಿ 962 ಡಿಗ್ರಿಗೆ ಕರಗುತ್ತದೆ, ತಾಮ್ರ ಬೆರೆತ '925 ಬೆಳ್ಳಿ' (ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ) ಅದಕ್ಕೂ ಮೊದಲೇ ಕರಗಲು ಶುರುವಾಗುತ್ತದೆ. ಅಣುವಿನ ಪದಕದಲ್ಲಿ ಹತ್ತು ಹನ್ನೆರಡು ಕೂಡುಜಾಗ ಇರುತ್ತವೆ, ಒಂದನ್ನು ಬೆಸೆಯುವಾಗ ಇನ್ನೊಂದು ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮೊದಲ ಬೆಸುಗೆಗೆ ಹೆಚ್ಚು ಶಾಖಕ್ಕೆ ಕರಗುವ ಲೋಹ, ಆಮೇಲಿನವಕ್ಕೆ ಕಡಿಮೆ ಶಾಖದ್ದು. ಬಿಳಿಗಾರ ಹಚ್ಚಿ ಬೆಸೆದ ಮೇಲೆ ಕಾಕಾ ಹುಣಸೆ ನೀರಲ್ಲಿ ಕುದಿಸುತ್ತಿದ್ದರು. ಆ ಹುಳಿ ಕಪ್ಪನ್ನು ಕರಗಿಸುತ್ತದೆ. ನಾನು ಇಂದಿಗೂ ಅದನ್ನೇ ಮಾಡುವುದು.

ಒಂದು ವಿಷಯದಲ್ಲಿ ಮಾತ್ರ ಹಳೆಯ ರೂಢಿ ಬಿಡಿ. ಕೆಡಿಎಂ ಅಂತ ನಾವು ಕೇಳಿರುವುದು ಕ್ಯಾಡ್ಮಿಯಂ ಬೆಸುಗೆ. ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ತನ್ನಿ, ಕಿಟಕಿ ತೆರೆದಿಡಿ. ಹಾಗೇ ಜರ್ಮನ್ ಸಿಲ್ವರ್ ಅನ್ನುವುದರಲ್ಲಿ ಬೆಳ್ಳಿಯೇ ಇಲ್ಲ. ತಾಮ್ರ, ಸತು, ನಿಕ್ಕಲ್. ನಿಕ್ಕಲ್ ಹಲವರಿಗೆ ತುರಿಕೆ ತರುತ್ತದೆ. ಪದಕ ಹಿತ್ತಾಳೆಯದಾದರೂ ಕಿವಿಯೊಳಗೆ ಹೋಗುವ ಕೊಕ್ಕೆಯನ್ನು ಬೆಳ್ಳಿಯದೇ ಹಾಕಿ.

ಇನ್ನು ಬೆಲೆ. ನಮ್ಮ ಕಡೆ ಮೊದಲ ಪ್ರಶ್ನೆಯೇ "ಎಷ್ಟು ಗ್ರಾಂ? ಮಜೂರಿ ಎಷ್ಟ್ರಿ?" ಮೊದಲ ವರ್ಷ ನಾನೂ ಗ್ರಾಂ ಲೆಕ್ಕಕ್ಕೆ ಮಜೂರಿ ಸೇರಿಸಿ ಮಾರಿದೆ. ವರ್ಷದ ಕೊನೆಗೆ ಕೂತು ನೋಡಿದರೆ ತಾಸಿಗೆ ಮೂವತ್ತು ರೂಪಾಯಿಯೂ ಬಿದ್ದಿರಲಿಲ್ಲ. ಈಗ ಹೀಗೆ ಲೆಕ್ಕ ಹಾಕುತ್ತೇನೆ: ಹಿತ್ತಾಳೆ ಪದಕಕ್ಕೆ ಲೋಹ, ಸರಪಳಿ, ಡಬ್ಬಿ ಸೇರಿ 120 ರೂಪಾಯಿ, ಮೂರು ತಾಸು ಕೆಲಸಕ್ಕೆ 150ರಂತೆ 450, ಅಲ್ಲಿಗೆ 570. ಗ್ಯಾಸು, ಮುರಿದ ಗರಗಸದ ಬ್ಲೇಡು, ಕೆಟ್ಟುಹೋದ ತುಂಡು, ಚಿತ್ರ ಬರೆದ ಹೊತ್ತು ಎಲ್ಲಾ ಸೇರಿ 850. ಗ್ರಾಂ ಕೇಳಿದವರಿಗೆ ಕಾಗದದ ಮೇಲಿನ ಚಿತ್ರ ತೋರಿಸಿ, ಎಷ್ಟು ತಾಸು ಹಿಡಿಯಿತು ಅಂತ ಹೇಳುತ್ತೇನೆ. ಅರ್ಧ ಜನ ಎದ್ದು ಹೋಗುತ್ತಾರೆ, ಹೋಗಲಿ. ಹೇಳಿ ಮಾಡಿಸುವ ಕೆಲಸಕ್ಕೆ ಅರ್ಧ ಹಣ ಮುಂಗಡ ಇಲ್ಲದೆ ತಂತಿ ಕತ್ತರಿಸಬೇಡಿ.

ನನ್ನ ವ್ಯಾಪಾರದ ಹೆಚ್ಚಿನ ಪಾಲು ಇನ್‌ಸ್ಟಾಗ್ರಾಂನಲ್ಲಿ, ಉಳಿದದ್ದು ಕಾಲೇಜುಗಳ ವಿಜ್ಞಾನ ದಿನ, ಅಂದರೆ ಫೆಬ್ರವರಿ 28, ಮತ್ತು ಶಿಕ್ಷಕರ ದಿನದ ಸುತ್ತ. ವರ್ಷಕ್ಕೆ 40 ಲಕ್ಷ ವಹಿವಾಟು ದಾಟುವ ತನಕ ರಾಜ್ಯದೊಳಗೆ ಮಾರಲು ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಕಳಿಸುವ ಮೊದಲು ಮಾತ್ರ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

ಡಬ್ಬಿಯಲ್ಲಿ ಒಂದು ಚೀಟಿ ಇಡುವುದನ್ನು ಮರೆಯಬೇಡಿ. ಬೆಳ್ಳಿ ಕಪ್ಪಾದರೆ ಗಿರಾಕಿಗೆ ಮೋಸ ಹೋದೆ ಅನ್ನಿಸುತ್ತದೆ. ಅದು ಗಾಳಿಯಲ್ಲಿನ ಗಂಧಕದಿಂದ ಆದ ಸಿಲ್ವರ್ ಸಲ್ಫೈಡ್ ಅಂತ ಬರೆಯಿರಿ. ಅಲ್ಯುಮಿನಿಯಂ ಹಾಳೆ ಹಾಸಿದ ಬಟ್ಟಲಲ್ಲಿ ಬಿಸಿನೀರು, ಒಂದು ಚಮಚ ಅಡುಗೆ ಸೋಡಾ, ಹಾಳೆಗೆ ತಾಗುವಂತೆ ಪದಕ; ಗಂಧಕವನ್ನು ಅಲ್ಯುಮಿನಿಯಂ ಎಳೆದುಕೊಂಡು ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ನನ್ನ ಗಿರಾಕಿಗಳಲ್ಲಿ ಎಷ್ಟೋ ಜನ ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಇದನ್ನು ಮಾಡಿ ವಿಡಿಯೋ ಕಳಿಸಿದ್ದಾರೆ, ಅವರಲ್ಲಿ ಮೂವರು ಅದೇ ವಾರ ಎರಡನೇ ಪದಕಕ್ಕೆ ಹೇಳಿದರು.