ಜಂಪರ್ ಕೀಳಬೇಕಾ, ಬಿಡಬೇಕಾ?

ಪ್ರಶ್ನೆ: ಸರ್, ನಾನು ಗದಗ-ಬೆಟಗೇರಿಯವನು, ಡಿಪ್ಲೊಮಾ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಅಂತ ಹುಬ್ಬಳ್ಳಿಯಿಂದ ಎಲ್298ಎನ್ ಮೋಟಾರ್ ಡ್ರೈವರ್ (ಮೋಟಾರ್ ಓಡಿಸುವ) ಬೋರ್ಡ್ ತಂದೆ. ಅದರಲ್ಲಿ ಮೂರು ಕಡೆ ಪಿನ್‌ಗಳಿಗೆ ಸಣ್ಣ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿದ್ದಾರೆ. ಎಲ್ಲಾ ಕಿತ್ತುಬಿಡು ಅಂತಾನೆ ಗೆಳೆಯ. ಕೀಳಲಾ?

ಉತ್ತರ: ಗೆಳೆಯನ ಮಾತು ಆಮೇಲೆ, ಮೊದಲು ಬೋರ್ಡ್ ಮೇಲೆ ಏನು ಬರೆದಿದೆ ಓದಿ. ಆ ಟೊಪ್ಪಿಗೆಯೇ ಜಂಪರ್. ಒಳಗಿನ ಲೋಹದ ತುಣುಕು ಎರಡು ಪಿನ್ ಜೋಡಿಸುತ್ತದೆ, ಅಷ್ಟೇ. ಹಾಕಿದರೆ ಆನ್, ತೆಗೆದರೆ ಆಫ್. ಪಿನ್‌ಗಳ ಅಂತರ ಸಾಮಾನ್ಯವಾಗಿ 2.54 ಮಿಲಿಮೀಟರ್, ಹಾಗಾಗಿ ಕಳೆದುಹೋದರೆ ಹಳೇ ಕಂಪ್ಯೂಟರ್ ಬೋರ್ಡಿನದನ್ನೇ ಹಾಕಿಕೊಳ್ಳಬಹುದು.

ಸ್ಕ್ರೂ ಟರ್ಮಿನಲ್ ಹಿಂದಿನ ಜಂಪರ್ 5 ವೋಲ್ಟ್ ರೆಗ್ಯುಲೇಟರಿನದು, ಅಂದರೆ ಸಪ್ಲೈಯನ್ನು 5 ವೋಲ್ಟಿಗೆ ಇಳಿಸುವ ಚಿಪ್ಪಿನದು. 12 ವೋಲ್ಟ್‌ವರೆಗೆ ಸಪ್ಲೈ ಕೊಡುವುದಾದರೆ ಅದು ಇರಲಿ. ಆಗ 5 ವೋಲ್ಟ್ ಟರ್ಮಿನಲ್‌ನಿಂದ ಕರೆಂಟ್ ಹೊರಗೆ ಬರುತ್ತದೆ, ಅಲ್ಲಿಗೆ ನೀವು ಇನ್ನೊಂದು ಸಪ್ಲೈ ಜೋಡಿಸಬಾರದು. 12ಕ್ಕಿಂತ ಜಾಸ್ತಿ ಕೊಟ್ಟರೆ ಜಂಪರ್ ತೆಗೆದು, ಅದೇ ಟರ್ಮಿನಲ್‌ಗೆ ಹೊರಗಿನಿಂದ 5 ವೋಲ್ಟ್ ಕೊಡಬೇಕು. ಇಲ್ಲದಿದ್ದರೆ ರೆಗ್ಯುಲೇಟರ್ ಸುಟ್ಟುಹೋಗಬಹುದು.

ಉಳಿದೆರಡು ಇಎನ್‌ಎ, ಇಎನ್‌ಬಿ, ಅಂದರೆ ಎರಡು ಮೋಟಾರ್‌ಗಳನ್ನು ಆನ್ ಮಾಡುವ (ಎನೇಬಲ್) ಪಿನ್‌ಗಳವು. ಅವು ಇದ್ದರೆ ಮೋಟಾರ್ ಪೂರ್ತಿ ಸ್ಪೀಡಿನಲ್ಲೇ ಓಡುತ್ತದೆ. ಆರ್ಡುಯಿನೊ (ಪ್ರೋಗ್ರಾಂ ಹಾಕುವ ಕಂಟ್ರೋಲರ್ ಬೋರ್ಡ್) ದಿಂದ ಸ್ಪೀಡ್ ಕಡಿಮೆ-ಜಾಸ್ತಿ ಮಾಡಬೇಕು ಅಂದರೆ ಮಾತ್ರ ತೆಗೆದು, ಪಿಡಬ್ಲ್ಯೂಎಂ (ವೇಗವಾಗಿ ಆನ್-ಆಫ್ ಆಗುತ್ತಾ ಸ್ಪೀಡ್ ಹೊಂದಿಸುವ ಸಿಗ್ನಲ್) ವೈರ್ ಸಿಕ್ಕಿಸಿ. ಆದರೆ ಅಲ್ಲಿ ಹೆಚ್ಚಿನವರು ಎಡವುತ್ತಾರೆ: ಎರಡು ಪಿನ್‌ಗಳಲ್ಲಿ ಒಂದು 5 ವೋಲ್ಟಿನದು, ವೈರ್ ಹೋಗಬೇಕಾದ್ದು ಐಎನ್1, ಐಎನ್2 ಅಂತ ಬರೆದಿರುವ ಸಾಲಿನ ಪಿನ್‌ಗೆ. ಏನೇ ಮಾಡುವುದಿದ್ದರೂ ಸಪ್ಲೈ ಆಫ್ ಮಾಡಿಕೊಂಡೇ ಮಾಡಿ. ತೆಗೆದ ಜಂಪರ್ ಕಳೆಯದಂತೆ ಒಂದೇ ಪಿನ್‌ಗೆ ನೇತುಹಾಕಿಬಿಡಿ, ಏನೂ ಆಗಲ್ಲ.

ಪ್ರಶ್ನೆ: ಹಾವೇರಿಯ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ಆಂಪ್ಲಿಫೈಯರ್ ಬೋರ್ಡಿನಲ್ಲಿ 000 ಅಂತ ಬರೆದ ರೆಸಿಸ್ಟರ್ ಇದೆ, ಮೀಟರಿನಲ್ಲಿ ಶಾರ್ಟ್ ತೋರಿಸುತ್ತದೆ. ಹಾಳಾಗಿದೆಯಾ?

ಉತ್ತರ: ಇಲ್ಲ ಮಾರಾಯ್ರೆ, ಅದು ಇರಬೇಕಾದ್ದೇ ಹಾಗೆ! ಸೊನ್ನೆ ಓಮ್, ಅಂದರೆ ಅದೂ ಜಂಪರೇ. ಒಂದೇ ಪದರದ ಬೋರ್ಡಿನಲ್ಲಿ ಒಂದು ತಾಮ್ರದ ಗೆರೆ ಇನ್ನೊಂದನ್ನು ದಾಟಲು ಆಗಲ್ಲ, ಮೇಲಿಂದ ಹಾಯಿಸಬೇಕಾಗುತ್ತದೆ. ಹಳೇ ಟಿವಿ ಬೋರ್ಡ್‌ಗಳಲ್ಲಿ 'ಜೆ' ಅಂತ ಗುರುತು ಹಾಕಿದ ಬರೀ ತಂತಿ ಕಾಣುತ್ತದಲ್ಲ, ಅದೂ ಇದಕ್ಕೇ. ಮೀಟರಿನಲ್ಲಿ ಶಾರ್ಟ್ ಅಂತ ಬೀಪ್ ಬಾರದಿದ್ದರೆ ಚಿಂತೆ ಮಾಡಿ. ಆಗ ರೆಸಿಸ್ಟರಿನಿಂದ ಕತ್ತರಿಸಿದ ಕಾಲಿನ ಚೂರನ್ನೇ ಅಲ್ಲಿ ಬೆಸುಗೆ ಹಾಕಿದರೂ ನಡೆಯುತ್ತದೆ.